ಸಮುದ್ರದ ಕಡೆಯ ಕೋಣೆ

ಯಾವ ಊರಿಗೆ ಹೋದರೂ ತಂಗುವ ಕೋಣೆಗೆ ಕಾಲಿಟ್ಟ ಕೂಡಲೇ ನಾನು ಮಾಡುವ ಮೊದಲ ಕೆಲಸ ಕಿಟಕಿಯ ಚಿಲಕ ಎಳೆದು ನೋಡುವುದು. ಆಮೇಲೆ ನಲ್ಲಿ ತಿರುಗಿಸಿ ನೀರಿನ ಬಣ್ಣ ನೋಡುತ್ತೇನೆ. ಅದಾದ ಮೇಲೆ ಹಿಂದಿನ ಬಾಗಿಲು ಎಲ್ಲಿದೆ ಎಂದು ವಿಚಾರಿಸುತ್ತೇನೆ. ಮದುವೆಗೆ ಹೋದಾಗ ಛತ್ರದಲ್ಲೂ ಹೀಗೆ ವಿಚಾರಿಸಿ, ಹೆಣ್ಣಿನ ಕಡೆಯವರಿಗೆ ಇಲ್ಲದ ಗಾಬರಿ ಹುಟ್ಟಿಸಿದ್ದೇನೆ. ನಾನೇನು ಮಾಡಲಿ? ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೆ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಆಗಿದ್ದವಳು ನಾನು. ಯಾರಿಗೆ ಯಾವ ಕೋಣೆ, ಯಾರ ಪಕ್ಕ ಯಾರು, ರಸ್ತೆಯ ಕಡೆಯ ಕಿಟಕಿಯ ಹತ್ತಿರ ಎಂಥ ಹುಡುಗಿಯನ್ನು ಹಾಕಬಾರದು, ಇವೆಲ್ಲ ನನಗೆ ಕರತಲಾಮಲಕ. ಆದರೆ ನನಗಾಗಿ ನಾನೇ ಒಂದು ಕೋಣೆ ಆರಿಸಿಕೊಳ್ಳುವ ಪ್ರಸಂಗ ಬಂದದ್ದು ಮುದುಕಿಯಾದ ಮೇಲೆ, ಅದೂ ಥಾಯ್ಲೆಂಡಿನ ಪಟ್ಟಾಯದಲ್ಲಿ.

ನಮ್ಮ ಬಸವೇಶ್ವರನಗರದ ಮಹಿಳಾ ಸಂಘದವರು ಆ ವರ್ಷ ಥಾಯ್ಲೆಂಡಿಗೆ ಹೊರಟರು. ಕಾಶಿಗೆ ಹೋಗುವಷ್ಟೇ ಖರ್ಚಿನಲ್ಲಿ ವಿದೇಶ ನೋಡಬಹುದು ಅಂತ ಯಾರೋ ಹೇಳಿದರಂತೆ. ನಾನೂ ಹೆಸರು ಕೊಟ್ಟೆ, ತಂಗಿ ಶಾರದಳ ಹೆಸರನ್ನೂ ಕೊಟ್ಟೆ. ಶಾರದ ಇರುವುದು ವಿಜಯನಗರದ ಪಕ್ಕದ ಮಾರೇನಹಳ್ಳಿಯಲ್ಲಿ. ಗಂಡ ತೀರಿಕೊಂಡಿದ್ದಾರೆ, ಮಗಳು ಮದುವೆಯಾಗಿ ದಾವಣಗೆರೆಯಲ್ಲಿದ್ದಾಳೆ. ಒಬ್ಬಳೇ ಇದ್ದಾಳೆ, ಆದರೆ ಒಂಟಿಯಾಗಿಲ್ಲ. ಬೀದಿಯ ಅರ್ಧ ಜನ ಅವಳ ಅಡುಗೆಮನೆಯಲ್ಲೇ ಇರುತ್ತಾರೆ. ಪ್ರವಾಸ ಅಂದ ಕೂಡಲೇ ಅವಳು ಒಂದೇ ಮಾತು ಕೇಳಿದಳು.

"ಅಕ್ಕ, ಬೆಳಿಗ್ಗೆ ಎದ್ದು ಹಾಸಿಗೇಲೆ ಕೂತ್ಕೊಂಡ್ರೆ ಸಮುದ್ರ ಕಾಣತ್ತಾ?"

"ಕಾಣೋ ಹಾಗೆ ಮಾಡೋಣ ಬಿಡೇ" ಅಂದೆ. ಅಂದದ್ದೇನೋ ನಿಜ.

ಬ್ಯಾಂಕಾಕಿನಲ್ಲಿ ಎಲ್ಲರಿಗೂ ಒಂದೇ ಹೋಟೆಲು. ಪಟ್ಟಾಯದಲ್ಲಿ ಮಾತ್ರ ಎರಡು ಜಾಗ, ಅವರವರ ಇಷ್ಟ. ರಾಜಾಜಿನಗರದ ಟ್ರಾವೆಲ್ಸಿನ ಪ್ರಕಾಶ್ ನನ್ನನ್ನು ಕೂರಿಸಿಕೊಂಡು ವಿವರಿಸಿದರು.

"ಮೇಡಂ, ಒಂದು ಬೀಚ್ ರಸ್ತೇಲೇ ಇದೆ. ರೂಮಿಂದ ಸಮುದ್ರ ಕಾಣತ್ತೆ. ಇನ್ನೊಂದು ಗುಡ್ಡದ ಕಡೆ, ಗುಜರಾತಿ ದಂಪತಿ ನಡೆಸೋದು. ಶುದ್ಧ ಸಸ್ಯಾಹಾರಿ, ಸದ್ದಿಲ್ಲ ಗದ್ದಲಿಲ್ಲ. ಸಮುದ್ರಕ್ಕೆ ಮಾತ್ರ ವ್ಯಾನಲ್ಲಿ ಹೋಗಬೇಕು. ಸೋಮವಾರದೊಳಗೆ ಹೇಳಿಬಿಡಿ, ಗುಡ್ಡದ ಕಡೆ ಒಂದೇ ರೂಮು ಉಳಿದಿದೆ."

"ಬೀಚ್ ರಸ್ತೆಯ ಹೋಟೆಲ್ಲಿನ ಕೆಳಗೆ ಏನಿದೆ?"

ಪ್ರಕಾಶ್ ಪೆನ್ನಿನ ಕ್ಯಾಪು ತೆಗೆದರು, ಹಾಕಿದರು. "ರೆಸ್ಟೋರೆಂಟು ಮೇಡಂ."

"ಎಂಥಾ ರೆಸ್ಟೋರೆಂಟು?"

"ಅದೇ... ಬಾರ್ ಥರ."

ಅಂಥ "ಥರ"ಗಳನ್ನು ನಾನು ಬಹಳ ಕೇಳಿದ್ದೇನೆ. "ಅವನು ಅಣ್ಣನ ಥರ ಮೇಡಂ" ಎಂದವರನ್ನೂ ನೋಡಿದ್ದೇನೆ.

ನನ್ನ ಚಿಂತೆಗೆ ಕಾರಣ ಇತ್ತು. ನಾವು ಇಷ್ಟಲಿಂಗ ಧರಿಸುವವರು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುವವರೆಗೆ ನೀರೂ ಕುಡಿಯುವುದಿಲ್ಲ. ಹಾಸ್ಟೆಲ್ಲಿನಲ್ಲಿ ನನ್ನ ಪೂಜೆಯ ಹೊತ್ತಿಗೆ ಹುಡುಗಿಯರು ತುದಿಗಾಲಲ್ಲಿ ನಡೆಯುತ್ತಿದ್ದರು. ಬಕೆಟ್ ಇಡುವ ಸದ್ದೂ ಬರುತ್ತಿರಲಿಲ್ಲ. ಪೂರ್ವಕ್ಕೆ ಮುಖ, ಮುಚ್ಚಿದ ಬಾಗಿಲು, ಒಂದು ಮಣೆ. ಇದೆಲ್ಲ ಮೀನು ಹುರಿಯುವ ಬಾರಿನ ಮೇಲೆ ಹೇಗೆ ಸಾಧ್ಯ? ಮೇಲಾಗಿ ಪಟ್ಟಾಯದ ಸಮುದ್ರ ಇರುವುದು ಪಡುವಣಕ್ಕೆ.

ಆದರೂ ಒಮ್ಮೆ ಕಣ್ಣಾರೆ ನೋಡೋಣವೆಂದು ಹತ್ತಿರದ ಸೈಬರ್ ಕೆಫೆಗೆ ಹೋದೆ. ಆಗಿನ ಇಂಟರ್ನೆಟ್ ನಿಮಗೆ ನೆನಪಿರಬಹುದು. ಚಿತ್ರ ಮೇಲಿನಿಂದ ಕೆಳಕ್ಕೆ ಇಷ್ಟಿಷ್ಟೇ ಇಳಿಯುತ್ತಿತ್ತು, ಅಂಗಡಿಯವನು ಷಟರ್ ಎಳೆದ ಹಾಗೆ. ಮೊದಲು ಆಕಾಶ ಬಂತು. ಆಮೇಲೆ ತೆಂಗಿನ ತಲೆ ಬಂತು. ಇನ್ನೇನು ಸಮುದ್ರ ಬರಬೇಕು, ಕರೆಂಟು ಹೋಯಿತು. ಮರುದಿನ ಹೋದಾಗ ಚಿತ್ರದ ಬದಲು ಅಲ್ಲಿ ಉಳಿದು ಬಂದವರ ಅಭಿಪ್ರಾಯಗಳು ಸಿಕ್ಕವು. ಒಬ್ಬರು ಬರೆದಿದ್ದರು: ಬೆಳಗಿನ ಜಾವದವರೆಗೂ ಸಂಗೀತ, ಅದ್ಭುತ. ಇನ್ನೊಬ್ಬರು: ಗೇಟೇ ಇಲ್ಲ, ಯಾವಾಗ ಬೇಕಾದರೂ ಬರಬಹುದು, ಹೋಗಬಹುದು. ಅವರು ಹೊಗಳಿ ಬರೆದದ್ದೆಲ್ಲ ನಾನು ದೂರು ಬರೆಯುವಂಥದ್ದು. ಗುಡ್ಡದ ಕಡೆಯ ಜಾಗದ ಬಗ್ಗೆ ಒಬ್ಬ ಸಿಟ್ಟಿನಿಂದ ಬರೆದಿದ್ದ: ಇಲ್ಲಿ ಏನೂ ಇಲ್ಲ, ರಾತ್ರಿಯಾದರೆ ಗೇಟಿಗೆ ಬೀಗ ಹಾಕುತ್ತಾರೆ. ಓದಿ ಮನಸ್ಸಿಗೆ ಎಷ್ಟು ತಂಪಾಯಿತೆಂದರೆ, ಅಲ್ಲಿಂದಲೇ ಶಾರದಳಿಗೆ ಫೋನ್ ಮಾಡಿ ತೀರ್ಮಾನ ತಿಳಿಸಿದೆ.

ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: "ಸಮುದ್ರ?"

"ವ್ಯಾನಲ್ಲಿ ಕರ್ಕೊಂಡು ಹೋಗ್ತಾರಂತೆ. ನೋಡ್ಕೊಂಡು ಬರೋದು."

"ಮತ್ತೆ ಸೀಟಿ ಊದ್ತೀಯಾ?"

ಇದೊಂದು ಅವಳು ಬಿಡದ ಮಾತು. ಬಹಳ ಹಿಂದೆ ಹಾಸ್ಟೆಲ್ ಹುಡುಗಿಯರ ಜೊತೆ ಅವಳನ್ನೂ ಕಾರವಾರಕ್ಕೆ ಕರೆದುಕೊಂಡು ಹೋಗಿದ್ದೆ. ಕತ್ತಲಾಗುವ ಮುಂಚೆ ಬಸ್ಸು ಹೊರಡಬೇಕಿತ್ತು, ಸೀಟಿ ಊದಿದೆ, ಎಲ್ಲರೂ ಬಂದು ಬಸ್ಸು ಹತ್ತಿದರು. ಶಾರದ ಪಾದ ನೆನೆಯುವಷ್ಟರಲ್ಲಿ ವಾಪಸು ಬಂದಳಂತೆ. ಅವಳು ಸಮುದ್ರ ನೋಡಿದ್ದು ಅದೊಂದೇ ಸಲ.

"ನಿನ್ನ ಪೂಜೇನೂ ಸೇರಿಸಿಯೇ ಯೋಚನೆ ಮಾಡಿದ್ದು ಕಣೇ" ಅಂದೆ.

"ಅಷ್ಟೊಂದು ಹುಡುಗೀರನ್ನ ಗೇಟೊಳಗೆ ಹಾಕಿದ್ದು ಸಾಲ್ದೇನೇ? ಈಗ ನನ್ನನ್ನೂ, ದೇವರನ್ನೂ ಹಾಕ್ಬೇಕಾ? ನಾನು ಬರಲ್ಲ. ನೀನೇ ಹೋಗ್ಬಾ." ಫೋನ್ ಇಟ್ಟಳು.

ನಮ್ಮಿಬ್ಬರ ನಡುವೆ ಒಂದು ಪದ್ಧತಿ ಇದೆ. ಬೆಳಿಗ್ಗೆ ಪೂಜೆ, ಪ್ರಸಾದ ಮುಗಿಸಿ ನಾನು ಕಾಫಿ ಲೋಟ ಹಿಡಿದು ಕೂರುವ ಹೊತ್ತಿಗೆ ಅವಳ ಫೋನು ಬರುತ್ತದೆ. ವಿಷಯ ಏನೂ ಇರುವುದಿಲ್ಲ. "ಆಯ್ತಾ?" "ಆಯ್ತು." "ಏನು ತಿಂಡಿ?" ಅಷ್ಟೇ. ಮರುದಿನ ಆ ಫೋನು ಬರಲಿಲ್ಲ. ರಿಸೀವರ್ ಎತ್ತಿ ಕಿವಿಗಿಟ್ಟು ನೋಡಿದೆ, ಲೈನು ಚೆನ್ನಾಗಿಯೇ ಇತ್ತು. ಅದರ ಮರುದಿನವೂ ಬರಲಿಲ್ಲ. ಕಾಫಿ ಆರಿಹೋಯಿತು. ನಾನೇ ಮಾಡಬಹುದಿತ್ತು ಅನ್ನುತ್ತೀರಿ. ಆದರೆ ಯಾರು ಮೊದಲು ಮಾಡಬೇಕೆಂಬುದು ನಿಗದಿಯಾಗಿರುವ ವಿಷಯ. ನಿಯಮ ಮುರಿಯುವುದು ನನ್ನಿಂದಾಗುವುದಿಲ್ಲ, ಕೊರಗುವುದು ಬೇಕಾದರೆ ಆಗುತ್ತದೆ. ಈ ನಡುವೆ ಪ್ರಕಾಶ್ ಫೋನ್ ಮಾಡಿದರು. "ಮೇಡಂ, ಆ ಗುಡ್ಡದ ರೂಮಿಗೆ ಇನ್ನೊಬ್ಬರು ಕೇಳ್ತಾ ಇದಾರೆ." ರಿಂಗಾದಾಗ ಶಾರದಳೇ ಎಂದುಕೊಂಡು ಓಡಿ ಬಂದಿದ್ದ ನಾನು ಅವರ ಮೇಲೆ ರೇಗಿದೆ.

ಭಾನುವಾರ ಸಂಜೆ ಮಾರೇನಹಳ್ಳಿಗೆ ಹೋದೆ. ಶಾರದಳ ಮನೆ ಇರುವುದು ಮೊದಲ ಮಹಡಿಯಲ್ಲಿ. ಮನೆ ಭಾಗವಾದಾಗ ಕೆಳಗಿನ ಅಂಗಡಿ ಅವಳ ಮೈದುನನ ಪಾಲಿಗೆ ಹೋಯಿತು. ಅವನು ಅದನ್ನು ಬಾಡಿಗೆಗೆ ಕೊಟ್ಟ. ಯಾವುದಕ್ಕೆ ಕೊಟ್ಟ ಅನ್ನುವುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಪ್ರತಿ ಸಲ ಸೆರಗು ಮೂಗಿಗೆ ಹಿಡಿದು ಆ ಮೆಟ್ಟಿಲು ಹತ್ತುತ್ತಿದ್ದೆ, ಸೆರಗು ಹಿಡಿದೇ ಇಳಿಯುತ್ತಿದ್ದೆ. ಒಂದು ರಾತ್ರಿಯೂ ಅಲ್ಲಿ ಉಳಿದವಳಲ್ಲ. ಹಬ್ಬ ಹುಣ್ಣಿಮೆಗೆ ಅವಳನ್ನೇ ನಮ್ಮ ಮನೆಗೆ ಕರೆಸಿಕೊಳ್ಳುತ್ತಿದ್ದೆ. ಅಲ್ಲಿಂದ ಅವಳಿಗೊಂದು ಬಿಡುಗಡೆ ಎಂದು ನನ್ನ ಎಣಿಕೆ.

ಬಾಗಿಲು ತೆರೆದವಳು ನಗಲಿಲ್ಲ. "ಊಟ ಮಾಡ್ತೀಯಾ?" ಅಂದಳು. ಕೋಪ ಇದ್ದಾಗಲೂ ನಮ್ಮ ಕಡೆಯವರು ಊಟದ ಮಾತು ಬಿಡುವುದಿಲ್ಲ. ಅದನ್ನೇ ರಾಜಿ ಅಂದುಕೊಂಡರೆ ಕೆಟ್ಟೆವು.

"ಶಾರೀ, ನಾಳೆ ಹೇಳ್ಬೇಕು ಕಣೇ. ಹಟ ಮಾಡ್ಬೇಡ."

"ನಾನೆಲ್ಲಿ ಹಟ ಮಾಡಿದೆ? ನನಗೆ ಸಮುದ್ರ ಬೇಕು, ನಿನಗೆ ಗೇಟು ಬೇಕು. ನಿನ್ನಿಷ್ಟದ್ದು ಸಿಕ್ಕಿದೆ, ಹೋಗು."

"ಬಾರಿನ ಮೇಲೆ ಕೂತು ಹೇಗೆ ಪೂಜೆ ಮಾಡ್ತೀಯಾ?"

ಆಗ ಅವಳು ನಕ್ಕಳು. ನನಗೆ ಹಿತವಾಗುವ ನಗುವಲ್ಲ ಅದು. "ಇವತ್ತು ಇಲ್ಲೇ ಇರು. ಬೆಳಿಗ್ಗೆ ನೋಡ್ಕೊಂಡು ಹೋಗಿ ಆ ಪ್ರಕಾಶಂಗೆ ಏನು ಬೇಕಾದ್ರೂ ಹೇಳು."

ನನ್ನ ಮಣೆ ಇಲ್ಲ, ನನ್ನ ದಿಂಬಿಲ್ಲ. ಆದರೂ ಉಳಿದೆ. ಬೆಳಿಗ್ಗೆ ನನಗೆ ಎಚ್ಚರವಾದದ್ದು ತಟ್ಟೆಗಳ ಸದ್ದಿಗೆ. ಕೆಳಗಿನ ಬಾರಿನವರು ಹಿತ್ತಲಲ್ಲಿ ಹಿಂದಿನ ದಿನದ ಪಾತ್ರೆ ತೊಳೆಯುತ್ತಿದ್ದರು. ಮೀನಿನ ಆಟೋ ಬಂದು ನಿಂತಿತ್ತು, ಇಬ್ಬರು ತೂಕದ ವಿಷಯಕ್ಕೆ ಜಗಳವಾಡುತ್ತಿದ್ದರು. ರೇಡಿಯೋ ಬೇರೆ. ನಾನು ಕಿಟಕಿ ಮುಚ್ಚಲು ಎದ್ದೆ, ಚಿಲಕ ಕೂರುತ್ತಿರಲಿಲ್ಲ. ತಿರುಗಿ ನೋಡಿದರೆ, ಸ್ನಾನ ಮುಗಿಸಿದ ಶಾರದ ಅಡುಗೆಮನೆಯ ಮೂಲೆಯಲ್ಲಿ, ಅಕ್ಕಿ ಡಬ್ಬಕ್ಕೂ ಗ್ಯಾಸ್ ಸಿಲಿಂಡರಿಗೂ ನಡುವೆ ಕೂತಿದ್ದಳು. ಹಣೆಯಲ್ಲಿ ವಿಭೂತಿ ಇನ್ನೂ ಒದ್ದೆ. ಅಂಗೈಯಲ್ಲಿ ಲಿಂಗ. ಕೆಳಗೆ ಒಬ್ಬ "ಏಯ್, ಕೇಜಿಗೆ ಕಮ್ಮಿ ಐತೆ ಗುರು!" ಎಂದು ಕಿರುಚಿದ. ಅವಳ ರೆಪ್ಪೆಯೂ ಅಲುಗಲಿಲ್ಲ.

ನಾನು ನಿಂತೇ ಇದ್ದೆ. ನಮ್ಮ ಹಿರಿಯರು ದೇವರನ್ನು ಕೊರಳಿಗೆ ಕಟ್ಟಿಕೊಂಡದ್ದು ಏಕೆ? ದಾರಿಯಲ್ಲಿ ಹೊರಟವನು ಗುಡಿ ಹುಡುಕಿಕೊಂಡು ಅಲೆಯಬಾರದು ಎಂದೇ ಇರಬೇಕು. ಹಿಂದೆ ಯಾತ್ರೆ ಹೊರಟವರು ಎಲ್ಲಿ ಬಾವಿ ಸಿಕ್ಕಿತೋ ಅಲ್ಲಿ ಸ್ನಾನ, ಎಲ್ಲಿ ಜಗಲಿ ಸಿಕ್ಕಿತೋ ಅಲ್ಲಿ ಪೂಜೆ ಮಾಡಿ ಮುಂದೆ ನಡೆದರು. ಜಗಲಿಯವನು ಏನು ಮಾರುತ್ತಾನೆ ಎಂದು ಕೇಳಿದವರಿಲ್ಲ. ಇಷ್ಟೆಲ್ಲ ನಾನು ಹುಡುಗಿಯರಿಗೆ ಬಸವ ಜಯಂತಿಯ ದಿನ ಭಾಷಣದಲ್ಲಿ ಹೇಳುತ್ತಿದ್ದೆ. ಹೇಳಿದವಳೇ ಅಂಗೈಯೊಳಗೆ ಕೂರುವ ದೇವರಿಗಾಗಿ ಪಟ್ಟಾಯದಲ್ಲಿ ಸದ್ದಿಲ್ಲದ ಹೋಟೆಲು ಹುಡುಕುತ್ತಿದ್ದೆ, ಗೇಟು ಬೀಗ ಸಮೇತ.

ಪೂಜೆ ಮುಗಿಸಿ ಎದ್ದವಳು ಕಾಫಿಗೆ ನೀರಿಟ್ಟಳು. "ಆಯ್ತಾ?" ಎಂದಳು, ದಿನಾ ಫೋನಿನಲ್ಲಿ ಕೇಳುವ ದನಿಯಲ್ಲಿ.

"ನನ್ನದಿನ್ನೂ ಆಗಿಲ್ಲ. ಒಂದು ಮಣೆ ಕೊಡು" ಅಂದೆ.

ಮಣೆ ಇರಲಿಲ್ಲ. ಅಕ್ಕಿ ಡಬ್ಬ ಸರಿಸಿ ಜಾಗ ಮಾಡಿಕೊಟ್ಟಳು. ನನ್ನ ಪೂಜೆ ಚೆನ್ನಾಗಿ ಆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅರ್ಧ ಮನಸ್ಸು ಮೀನಿನ ತೂಕದ ಜಗಳದಲ್ಲೇ ಇತ್ತು. ಕಾಫಿ ಕುಡಿದು ಅಲ್ಲಿಂದಲೇ ಪ್ರಕಾಶ್‌ಗೆ ಫೋನ್ ಮಾಡಿ ಬೀಚ್ ರಸ್ತೆಯ ಕೋಣೆ ಹೇಳಿದೆ. "ಮೇಡಂ, ನೀವಾ?" ಎಂದರು. "ನಾನೇ" ಎಂದು ಇಟ್ಟೆ.

ಪಟ್ಟಾಯಕ್ಕೆ ಹೋಗಿ ಇಳಿದ ಕೂಡಲೇ ನಾನು ಹಿಂದಿನ ಬಾಗಿಲು ವಿಚಾರಿಸಿದೆ. ಹಳೆಯ ಕಾಲದ ಮೂರು ಮಹಡಿಯ ಕಟ್ಟಡ. ಮಹಡಿಯ ಉದ್ದಕ್ಕೂ ಸಾಲಾಗಿ ಕೋಣೆಗಳು, ಮುಂದೆ ಉದ್ದನೆಯ ಪಡಸಾಲೆ, ಥೇಟ್ ಹಾಸ್ಟೆಲ್. ಆದರೆ ಬೆಳಿಗ್ಗೆ ಹಾಸಿಗೆಯಲ್ಲಿ ಎದ್ದು ಕೂತರೆ ಬಾಗಿಲಿನ ತುಂಬ ಸಮುದ್ರ. ಶಾರದ ಹೊದಿಕೆಯನ್ನೂ ಸರಿಸದೆ ಎಷ್ಟೋ ಹೊತ್ತು ಹಾಗೇ ಕೂತಿದ್ದಳು. ನಾನು ಗಡಿಯಾರ ನೋಡಲಿಲ್ಲ ಎಂದರೆ ನೀವು ನಂಬುವುದಿಲ್ಲ, ನೋಡಿದೆ. ಬಾಯಿ ಮಾತ್ರ ಬಿಡಲಿಲ್ಲ.

ಸ್ನಾನ ಮಾಡಿ ಬಂದವಳು ಟವೆಲ್ ಮಡಿಸಿ ಪಡಸಾಲೆಯಲ್ಲೇ ಹಾಸಿ ಕೂತಳು, ಸಮುದ್ರಕ್ಕೆ ಮುಖ ಮಾಡಿ.

"ಪಡುವಣಕ್ಕೆ ಕೂರ್ತೀಯೇನೇ?"

"ನಾನು ಪಡುವಣಕ್ಕೆ ಕೂತ್ರೆ ಅಂಗೈಲಿರೋನು ಪೂರ್ವಕ್ಕೆ ನೋಡ್ತಾನೆ. ಬಿಡೇ."

ನಾನು ಕೋಣೆಯ ಒಳಗೆ, ಬಾಗಿಲ ಬಳಿ ನಿಂತೆ. ಆಗ ಮೆಟ್ಟಿಲ ಕಡೆಯಿಂದ ಹೆಣ್ಣುಮಕ್ಕಳ ಮಾತು, ನಗು ಕೇಳಿತು. ಕೆಳಗಿನ ಬಾರಿನಲ್ಲಿ ಕೆಲಸ ಮಾಡುವ ಮೂವರು ಹುಡುಗಿಯರು, ಪಕ್ಕದ ಕೋಣೆಯವರು. ಕೆಲಸ ಮುಗಿಸಿ ಈಗ ಬರುತ್ತಿದ್ದಾರೆ. ಅವರ ಚಪ್ಪಲಿಯ ಎತ್ತರದ ಹಿಮ್ಮಡಿ ಟಕಟಕ ಎನ್ನುತ್ತಿತ್ತು. ಮಹಡಿಗೆ ಬರುತ್ತಲೇ ಟಕಟಕ ನಿಂತಿತು, ಮಾತೂ ನಿಂತಿತು. ನನ್ನ ಕಿವಿ ನೆಟ್ಟಗಾಯಿತು. ಮಾತು ನಿಲ್ಲಿಸಿ ಬರಿಗಾಲಲ್ಲಿ ತುದಿ ಹೆಜ್ಜೆ ಇಡುವ ಹುಡುಗಿಯರನ್ನು ನಾನು ಬಲ್ಲೆ. ತಡವಾಗಿ ಬಂದು, ವಾರ್ಡನ್ ಕಣ್ಣು ತಪ್ಪಿಸುವ ನಡಿಗೆ ಅದು. "ಇದೇನಮ್ಮ ಬರೋ ಹೊತ್ತು?" ಅನ್ನುವುದು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು.

ಮೂವರೂ ಗೋಡೆಗೆ ಒತ್ತಿಕೊಂಡು, ಶಾರದಳ ಹಿಂದಿನಿಂದ, ನೆರಳೂ ಬೀಳದ ಹಾಗೆ ದಾಟಿದರು. ದಾಟುವಾಗ ಒಬ್ಬೊಬ್ಬರೂ ಅವಳ ಕಡೆ ಎರಡು ಕೈ ಜೋಡಿಸಿ ತಲೆ ಬಗ್ಗಿಸಿದರು. ಕೋಣೆಯ ಬಾಗಿಲು ತೆರೆದದ್ದೂ ಮುಚ್ಚಿದ್ದೂ ಕೇಳಿಸಲಿಲ್ಲ.

ಶಾರದ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಗೆ ಸೇರಿಸಿದಳು. "ಯಾರೋ ಓಡಾಡಿದ ಹಾಗಿತ್ತು?"

"ಪಕ್ಕದ ರೂಮಿನ ಹುಡುಗೀರು."

"ಗದರಿಸಿದೆಯಾ?"

"ಇಲ್ಲ ಕಣೇ."

ಅವಳು ನನ್ನನ್ನು ನಂಬದೆ ನೋಡಿದಳು. ಆಮೇಲೆ ಸಮುದ್ರದ ಕಡೆ ತಿರುಗಿದಳು. ನಾನು ಮೆಟ್ಟಿಲ ಹತ್ತಿರ ಹೋದೆ. ಗುಡಿಯ ಮುಂದೆ ಬಿಟ್ಟ ಹಾಗೆ ಮೂರು ಜೊತೆ ಚಪ್ಪಲಿ ಅಲ್ಲಿ ಬಿದ್ದಿದ್ದವು. ಒಂದು ಬೋರಲಾಗಿತ್ತು, ಇನ್ನೊಂದು ಕೆಳಗಿನ ಮೆಟ್ಟಿಲಿಗೆ ಉರುಳಿತ್ತು. ಅಲ್ಲಿ ಯಾರೂ ನೋಡುವವರಿರಲಿಲ್ಲ. ಬಗ್ಗಿ, ಜೋಡಿ ಜೋಡಿ ಹೊಂದಿಸಿ, ಸಾಲಾಗಿ ಗೋಡೆಯ ಪಕ್ಕ ಇಟ್ಟು ಬಂದೆ.