ಅಟ್ಟ ಅವನಿಗೂ ಗೊತ್ತಿತ್ತು

ನನ್ನ ಮಗನ ಮಗ ನನ್ನ ಮಗಳ ಮಗಳ ಹಡಗುಗಳನ್ನು ಸುಟ್ಟ. ಒಂದಲ್ಲ, ಎರಡು. ಕಂಪ್ಯೂಟರಿನೊಳಗಿನ ಹಡಗು ತಾನೇ ಎಂದು ನನ್ನ ಮಗ ನಕ್ಕ. ನಾನು ನಗಲಿಲ್ಲ. ಹಡಗು ಕಂಪ್ಯೂಟರಿನಲ್ಲಿ ಇದ್ದಿರಬಹುದು, ಸುಟ್ಟವನ ಹೊಟ್ಟೆಕಿಚ್ಚು ಭದ್ರಾವತಿಯಲ್ಲಿ ಮೂರು ಹೊತ್ತು ಉಂಡುಕೊಂಡು ಚೆನ್ನಾಗಿಯೇ ಇತ್ತು.

ನಾನಿರುವುದು ಶಿವಮೊಗ್ಗದ ವಿನೋಬನಗರದಲ್ಲಿ, ಮಗಳ ಮನೆಯಲ್ಲಿ. ಓದಿದ್ದು ಮೂರನೇ ಕ್ಲಾಸು. ಮೊಮ್ಮಗಳು ಮಾಚೇನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಸಂಜೆ ಬಂದು ಮುಖ ತೊಳೆದು ಆ ಆಟದ ಮುಂದೆ ಕೂರುತ್ತಾಳೆ. ಎಲ್ಲೆಲ್ಲಿಯದೋ ಜನ ಒಟ್ಟಿಗೆ ಆಡುವ ಆಟ. ಆಕಾಶದಲ್ಲಿ ಹಡಗು ಓಡಿಸುವುದು, ಕಲ್ಲು ಅಗೆದು ಮಾರುವುದು, ಸಿಕ್ಕವರನ್ನು ಸುಡುವುದು. ಮೊದಲು ನನಗೂ ಅದು ದಂಡಪಿಂಡಗಳ ಕೆಲಸ ಅನ್ನಿಸಿತ್ತು. ಧಾರಾವಾಹಿಯವರ ಅಳು ನೋಡುವುದಕ್ಕಿಂತ ವಾಸಿ ಎಂದು ಅವಳ ಹಾಸಿಗೆಯ ಮೇಲೆ ಕೂತು ನೋಡತೊಡಗಿದೆ.

ಆ ಆಕಾಶದಲ್ಲಿ ಅಡಗಿಕೊಳ್ಳಲು ಗೋಡೆಯಿಲ್ಲ, ಪೊದೆಯಿಲ್ಲ. ಗ್ರಹಗಳಿವೆ, ಒಂದು ಸೀಮೆಯಿಂದ ಇನ್ನೊಂದಕ್ಕೆ ದಾಟುವ ಗೇಟುಗಳಿವೆ. ಅವು ಎಲ್ಲರ ಕಣ್ಣಿಗೂ ಬೀಳುತ್ತವೆ, ಯಾರು ಬೇಕಾದರೂ ಅಲ್ಲಿಗೆ ಬರಬಹುದು. ಆದರೆ ಒಂದು ಗ್ರಹದಿಂದ ಇನ್ನೊಂದಕ್ಕೆ ಹಾರುವಾಗ ನಡುದಾರಿಯಲ್ಲಿ ಒಂದು ಗುಂಡಿ ಒತ್ತಿದರೆ ಆ ಬರೀ ಬಯಲು ನಿಮ್ಮ ಪಟ್ಟಿಗೆ ಸೇರುತ್ತದೆ. ಹೆಸರಿಟ್ಟುಕೊಂಡು ಬೇಕೆಂದಾಗ ಅಲ್ಲಿಗೆ ಹೋಗಿ ನಿಲ್ಲಬಹುದು. ನಿಮ್ಮ ಪಟ್ಟಿ ಇಲ್ಲದವನಿಗೆ ಆ ಜಾಗ ಸುಲಭಕ್ಕೆ ಸಿಗುವುದಿಲ್ಲ. ಗೇಟಿನ ನೆತ್ತಿಯ ಮೇಲೂ ದೂರದಲ್ಲಿ ಒಂದು ಜಾಗ ಉಳಿಸಿಕೊಂಡಿದ್ದಳು ಮೊಮ್ಮಗಳು. ಕೆಳಗೆ ಯಾರು ಹೊಂಚುತ್ತಿದ್ದಾರೆ ಎಂದು ಅಲ್ಲಿಂದ ನೋಡಿಕೊಂಡು ಆಮೇಲೆ ಇಳಿಯುವುದು. ಬುದ್ಧಿವಂತೆಯೇ.

ದಡ್ಡತನ ಮಾಡಿದ್ದು ಒಂದೇ ಕಡೆ. ಆ ಪಟ್ಟಿಯನ್ನು ಅವನಿಗೂ ತೆರೆದಿಟ್ಟಿದ್ದಳು. ಸೋದರಮಾವನ ಮಗ. ಇವಳು ತೊಟ್ಟಿಲಲ್ಲಿದ್ದಾಗಲೇ ಇವಳಿಗೆ ಅವನು ಎಂದು ಎಲ್ಲರೂ ಬಾಯಲ್ಲೇ ಮದುವೆ ಮಾಡಿ ಮುಗಿಸಿದ್ದರು. ಆಟ ಕಲಿಸಿದವನೂ ಅವನೇ. ಗಂಡನಾಗುವವನಿಗೆ ಮುಚ್ಚಿಡುವುದೇನು ಎಂದು ಇವಳ ಲೆಕ್ಕ. ಜಾಗಗಳಿಗೆ ಅಟ್ಟ, ಬಚ್ಚಲೊಲೆ, ಸೌದೆಕೋಣೆ ಎಂದು ಕನ್ನಡದಲ್ಲೇ ಹೆಸರಿಟ್ಟಿದ್ದಳು. ಭದ್ರಾವತಿಯಲ್ಲಿ ನಮಗಿದ್ದ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಇಬ್ಬರೂ ಕಣ್ಣಾಮುಚ್ಚಾಲೆ ಆಡಿದ ಮೂಲೆಗಳು ಅವು.

ಹೋದ ವರ್ಷ ಅವಳು ಒಲ್ಲೆ ಅಂದಳು. ನನ್ನ ಮಗನ ಮನೆಯ ಹಾಲಿನಲ್ಲಿ, ಎಲ್ಲರೆದುರು.

"ಮಾವ, ನಂಗೆ ಇವ್ನು ಬೇಡ. ಸಿಟ್ಟು ಬಂದ್ರೆ ತಟ್ಟೆ ಎಸೀತಾನೆ. ಇವತ್ತು ತಟ್ಟೆ, ನಾಳೆ ಕೈಗೆ ಸಿಕ್ಕಿದ್ದು."

"ಗಂಡಸ್ರ ಸಿಟ್ಟು ಅಲ್ವೇನೆ, ಬರುತ್ತೆ ಹೋಗುತ್ತೆ," ಅಂದಳು ಸೊಸೆ.

"ಹೋಗುತ್ತೆ ಅತ್ತೆ. ಚೆಲ್ಲಿದ್ದು ಬಳಿಯೋದು ನೀವು ತಾನೆ."

ಅವನು ಎದ್ದು ನಿಂತು ಇವಳತ್ತ ಬೆರಳು ತೋರಿಸಿದ. "ನೋಡ್ತಿರು. ಅಲ್ಲಿ ನಿನ್ನ ಒಂದು ಹಡಗೂ ಉಳಿಸಲ್ಲ."

ಮಾತಿನಂತೆ ನಡೆದುಕೊಂಡದ್ದು ಅವನು ಜೀವನದಲ್ಲಿ ಅದೊಂದೇ ವಿಷಯದಲ್ಲಿ. ಒಂದು ಹಡಗು ಸೌದೆಕೋಣೆಯಲ್ಲಿ ಹೋಯಿತು. ಇನ್ನೊಂದು ಬಚ್ಚಲೊಲೆಯಲ್ಲಿ. ಯಾರೂ ಬರಲಾಗದ ಬಯಲಿನಲ್ಲಿ ಹೇಗೆ ಬಂದ ಎಂದು ಎರಡನೆಯದು ಉರಿಯುವಾಗ ಇವಳಿಗೆ ಹೊಳೆಯಿತು.

ಉಳಿದದ್ದು ದೊಡ್ಡದೊಂದು. ಸರಕು ಹೊರುವ ಹಡಗು, ಎಮ್ಮೆ ನಡಿಗೆ. ಅಗೆದದ್ದು, ಕಟ್ಟಿದ್ದು, ಕೂಡಿಟ್ಟದ್ದು ಎಲ್ಲ ಅದರ ಹೊಟ್ಟೆಯಲ್ಲಿ. ಅದನ್ನು ಅವನಿಗೆ ತಿಳಿಯದ ಹೊಸ ಜಾಗದಲ್ಲಿ ನಿಲ್ಲಿಸಿದ್ದಳು. ಆದರೆ ಆ ಸೀಮೆಯೇ ಈಗ ಅವನ ಗುಂಪಿನದು. ಇವಳ ಪಟ್ಟಿಯನ್ನು ಗೆಳೆಯರಿಗೂ ಹಂಚಿದ್ದ. ಹೊರಹೋಗಲು ಇದ್ದ ಒಂದೇ ಗೇಟಿನಲ್ಲಿ ಅವರು ಕಾಯುತ್ತಿದ್ದರು. ಇಳಿದರೆ ಹಡಗು ಉರಿಯುತ್ತದೆ, ಇಳಿಯದಿದ್ದರೆ ಇದ್ದೂ ಸತ್ತ ಹಾಗೆ.

"ಆ ಪಟ್ಟಿಯಿಂದ ಅವ್ನನ್ನ ಕಿತ್ತು ಬಿಸಾಕು ಮಾರಾಯ್ತಿ," ಅಂದೆ.

"ಬೇಡ ಅಜ್ಜಿ. ಕಿತ್ರೆ ಬೇರೆ ಕಡೆ ಹುಡುಕ್ತಾನೆ. ಇದ್ರೆ ಅಲ್ಲಲ್ಲೇ ಹುಡುಕ್ತಾನೆ."

ಅವಳ ಉಪಾಯ ಇಷ್ಟು. ತನ್ನದೆಂದು ಅವನಿಗೂ ಗೊತ್ತಿದ್ದ ಇನ್ನೊಂದು ಅಕೌಂಟಿನಿಂದ ಒಂದು ಅಗ್ಗದ ಹಡಗನ್ನು ಅಟ್ಟದಲ್ಲಿ ನಿಲ್ಲಿಸುವುದು. ಸರಕೆಲ್ಲ ಅದಕ್ಕೆ ತುಂಬಿಕೊಂಡು ಓಡುತ್ತಿದ್ದಾಳೆ ಎಂದು ಅವರು ಅಲ್ಲಿಗೆ ನುಗ್ಗುತ್ತಾರೆ. ಆ ಹೊತ್ತಿಗೆ ದೊಡ್ಡದನ್ನು ಗೇಟಿಗೆ ಇಳಿಸಿ ದಾಟಿಸುವುದು. ತೊಡಕು ಒಂದೇ. ಅವನ ಹಡಗು ಮಾಯವಾಗಿ ನಿಲ್ಲುವ ಜಾತಿಯದು. ನೆತ್ತಿಯ ಮೇಲಿನ ಜಾಗದಿಂದ ನೋಡಿದರೆ ಗೇಟು ಖಾಲಿ ಕಾಣುತ್ತದೆ, ಅವನು ಅಲ್ಲೇ ಇರಬಹುದು. ಅವನು ಹೊರಟನೋ ಇಲ್ಲವೋ ಎಂಬುದು ಅವನ ಪರದೆಯ ಮೇಲೆ ಮಾತ್ರ ಕಾಣುವುದು.

"ಅವ್ನ ಬೆನ್ನ ಹಿಂದೆ ಯಾರಾದ್ರೂ ಕೂತಿದ್ರೆ ಆಗ್ತಿತ್ತು," ಅಂದಳು, ನನ್ನತ್ತ ನೋಡದೆ.

ಭಾನುವಾರ ಗಾಂಧಿ ಬಜಾರಿಗೆ ಹೋಗಿ ಅವರೆಕಾಯಿ ತಂದೆ. ಸುಲಿದು ಕಾಳು ನೆನೆಹಾಕಿ, ನೀರಿನ ಸಮೇತ ಡಬ್ಬಿಗೆ ತುಂಬಿಕೊಂಡು ಭದ್ರಾವತಿ ಬಸ್ಸು ಹತ್ತಿದೆ. ಹಿದುಕಿದ ಬೇಳೆಯ ಸಾರೆಂದರೆ ಮಗನಿಗೆ ಪ್ರಾಣ. ನೆಂಟಸ್ತಿಕೆ ಮುರಿದ ಮೇಲೆ ನಾನು ಆ ಮನೆಗೆ ಹೋದದ್ದು ಅದೇ ಮೊದಲು.

"ದಾರಿ ತಪ್ಪಿ ಬಂದ್ರಾ ಅತ್ತೆ?" ಅಂದಳು ಸೊಸೆ.

"ಬಸ್ಸಿನವ್ನು ಇಲ್ಲೇ ಇಳಿಸ್ದ. ಫ್ಯಾನು ಎಲ್ಲಿದೆ? ಸೆಕೆ."

ಹೊಸ ಫ್ಯಾನಿದ್ದದ್ದು ಮೊಮ್ಮಗನ ಕೋಣೆಯಲ್ಲಿ ಎಂದು ನನಗೆ ಗೊತ್ತಿತ್ತು. ಅವನ ಕುರ್ಚಿಯ ಹಿಂದೆ ಚಾಪೆ ಹಾಕಿ, ಬೋಗುಣಿ ಮುಂದಿಟ್ಟುಕೊಂಡು ಹಿದುಕತೊಡಗಿದೆ. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಗುಂಡಿ ಇರುವ ನನ್ನ ಹಳೆಯ ಫೋನು ಸೀರೆಯ ಮಡಿಲಲ್ಲಿ. ಎರಡನೇ ಗುಂಡಿ ಒತ್ತಿ ಹಿಡಿದರೆ ಸಾಕು, ಮೊಮ್ಮಗಳಿಗೆ ರಿಂಗಾಗುತ್ತದೆ. ಅವನು ಹೊರಟ ಕೂಡಲೇ ಒಂದು ಮಿಸ್ಡ್ ಕಾಲ್, ಅಷ್ಟೇ ನನ್ನ ಕೆಲಸ.

ಅವನು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಗೆಳೆಯರೊಡನೆ ಕೂಗಾಡುತ್ತಿದ್ದ. ಒಮ್ಮೆ ಹಿಂದೆ ತಿರುಗಿ, "ಏನಜ್ಜಿ, ನಿನ್ನ ಮುದ್ದಿನ ಮೊಮ್ಮಗಳು ಹೇಗಿದಾಳೆ? ಅಳ್ತಿದಾಳಾ?" ಅಂದ.

"ಉಂಡ್ಕೊಂಡು ಚೆನ್ನಾಗಿದಾಳೆ. ನಿನ್ನ ಗಡ್ಡ ನೋಡಿದ್ರೆ ನೀನೇ ಅಳೋ ಹಾಗೆ ಕಾಣ್ತೀಯ."

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಏನೋ ಮಿನುಗಿತು, ಅವನು ನೆಟ್ಟಗೆ ಕೂತ. "ಬಂದ್ಲು, ಬಂದ್ಲು. ಅಟ್ಟದಲ್ಲಿ ಇದಾಳೆ ಕಣ್ರೋ. ಗೇಟ್ ಬಿಡಿ, ಎಲ್ರೂ ಅಟ್ಟಕ್ಕೆ ಹೋಗಿ."

ಪರದೆಯ ಮೇಲಿನ ಹಡಗುಗಳೆಲ್ಲ ಮಾಯವಾದವು. ಅವನದು ಮಾತ್ರ ಗೇಟಿನ ಪಕ್ಕದಲ್ಲೇ ನಿಂತಿತು, ಮಸುಕಾಗಿ. ನನ್ನ ಬೆರಳು ಗುಂಡಿಯ ಮೇಲಿತ್ತು. ಒತ್ತಲಿಲ್ಲ. ಇವನು ಕದಲದಿದ್ದರೆ ಎಲ್ಲ ವ್ಯರ್ಥ. ಗೇಟಿಗೆ ಬಂದ ಎಮ್ಮೆಯನ್ನು ಇವನೊಬ್ಬನೇ ಕಟ್ಟಿಹಾಕಿ ಉಳಿದವರನ್ನು ಕರೆಯಬಲ್ಲ.

ಇವನು ಎಂಥವನು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಬ್ಬದ ದಿನ ಒಬ್ಬಟ್ಟು ಬೇರೆಯವರ ಎಲೆಗೆ ಮೊದಲು ಬಿದ್ದರೆ ಎಲೆ ಬಿಟ್ಟು ಎದ್ದು ಹೋಗುತ್ತಿದ್ದವನು.

"ಅಲ್ಲೋ," ಅಂದೆ, ಕಾಳು ಹಿದುಕುತ್ತಲೇ, "ಎಲ್ರೂ ಬೇಟೆಗೆ ಹೋದ್ರು, ನೀನೊಬ್ನೇ ಬಾಗಿಲು ಕಾಯ್ತಿದೀಯಲ್ಲ. ನಿನ್ನ ವಾಚ್‌ಮನ್ ಮಾಡಿದಾರಾ?"

"ಸುಮ್ನಿರಜ್ಜಿ, ನಿಂಗೇನ್ ಗೊತ್ತು."

"ನಂಗೇನೂ ಗೊತ್ತಿಲ್ಲಪ್ಪ. ಬೇಡ ಅಂದಿದ್ದು ನಿನ್ನ, ಸೇಡು ತೀರಿಸ್ಕೊಳ್ಳೋರು ಅವರು. ನೀನು ಮುದುಕನ ಹಾಗೆ ಕೂತು ನೋಡು. ಅದಕ್ಕೂ ಗಂಡಸ್ತನ ಬೇಕು ಬಿಡು."

ಅವನು ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡ. "ಯಾರೂ ಮುಟ್ಬೇಡ್ರೋ! ನಾನು ಬರ್ತೀನಿ, ಅವಳು ನಂಗೆ!" ಎಂದು ಕಿರುಚಿದ. ಪಟ್ಟಿ ತೆರೆದ, ಅಟ್ಟ ಎಂಬ ಹೆಸರಿನ ಮೇಲೆ ಒತ್ತಿದ. ಆಕಾಶ ಸುಯ್ಯೆಂದು ಹಿಂದಕ್ಕೆ ಓಡಿತು.

ನಾನು ಎರಡನೇ ಗುಂಡಿ ಒತ್ತಿ ಹಿಡಿದೆ.

ಅಟ್ಟದಲ್ಲಿದ್ದ ಅಗ್ಗದ ಹಡಗನ್ನು ಅವನೇ ಸುಟ್ಟ. ಕೈ ಮೇಲೆತ್ತಿ ನಕ್ಕ. ಒಳಗೆ ಸಿಕ್ಕಿದ್ದೇನು ಎಂದು ನೋಡಿದ. ಏನೂ ಇರಲಿಲ್ಲ. ಆಗ ಹೆಡ್‌ಫೋನಿನಲ್ಲಿ ಯಾರೋ ಏನೋ ಹೇಳಿದರು. ಅವನ ನಗು ಹಾಗೇ ನಿಂತಿತು.

"ಗೇಟ್ ದಾಟಿದ್ಲಾ? ದೊಡ್ಡದಾ?"

ನಿಧಾನವಾಗಿ ಕುರ್ಚಿ ತಿರುಗಿಸಿದ. ನನ್ನ ಮಡಿಲಲ್ಲಿ ಫೋನಿತ್ತು, ಅದರ ತುಂಬ ಒದ್ದೆ ಬೆರಳಿನ ಗುರುತು.

"ನೀನು. ಮೋಸ ಮಾಡ್ದೆ ಅಜ್ಜಿ."

"ಮಾಡ್ದೆ. ಸಂಬಂಧ ಮುರಿದ ಮೇಲೂ ಅವಳ ಮನೆ ಬೀಗದ ಕೈ ಇಟ್ಕೊಂಡು ಒಳಗೆ ನುಗ್ತಿದ್ದೆಯಲ್ಲ, ಅದೇನದು, ಸತ್ಯನಾರಾಯಣ ಪೂಜೆಯಾ?"

ಅವನು ಮೌಸನ್ನು ಗೋಡೆಗೆ ಎಸೆದ. ಸೊಸೆ ಬಾಗಿಲಿಗೆ ಬಂದಳು, ಹಿಂದೆ ಮಗ. ಮಗನಿಗೆ ಅರ್ಧ ಅರ್ಥವಾಯಿತು, ಅಷ್ಟೇ ಸಾಕಾಯಿತು.

"ಅಮ್ಮ, ಸ್ವಂತ ಮೊಮ್ಮಗನಿಗೆ ಹಿಂಗೆ ಮಾಡೋದಾ? ಇವ್ನು ನಮ್ಮ ಕುಲ ಕಣಮ್ಮ."

"ಅವಳನ್ನೇನು ನಾನು ಸಂತೆಯಲ್ಲಿ ಕೊಂಡು ತಂದ್ನಾ? ಗೋಡೆ ನೋಡು, ಮೌಸು ನೋಡು. ಇದನ್ನ ಕಟ್ಕೊಂಡು ಬಾಳು ಅಂತ ಆ ಹುಡುಗಿಗೆ ಹೇಳಿದ್ರಲ್ಲ ನೀವು."

ಚೂರುಗಳನ್ನು ಸೊಸೆ ಬಗ್ಗಿ ಆಯುತ್ತಿದ್ದಳು. ಊಟಕ್ಕೆ ಏಳಿ ಎಂದು ಯಾರೂ ಹೇಳಲಿಲ್ಲ. ನಾನೂ ಕಾಯಲಿಲ್ಲ. ಹಿದುಕಿದ ಬೇಳೆಯನ್ನು ಡಬ್ಬಿಗೆ ತುಂಬಿಕೊಂಡೆ. ಸಿಪ್ಪೆಯನ್ನು ಅಲ್ಲೇ ಬಿಟ್ಟೆ.

"ಬೇಳೆ ತಗೊಂಡು ಹೋಗ್ತಿದೀರಾ?" ಅಂದಳು ಸೊಸೆ.

"ನನ್ನ ದುಡ್ಡಿನ ಅವರೆ."

ಬಸ್ಸಿನಲ್ಲಿ ಡಬ್ಬಿಯಿಂದ ನೀರು ಸೋರಿ ಪಕ್ಕದವಳ ಕಾಲಿಗೆ ಬಿತ್ತು. ಅವಳ ಜೊತೆಗೂ ಮಾಚೇನಹಳ್ಳಿ ದಾಟುವವರೆಗೆ ಜಗಳವಾಯಿತು.

ಆ ಮನೆಯಿಂದ ಈಗ ಫೋನು ಬರುವುದಿಲ್ಲ. ನಾನೂ ಮಾಡುವುದಿಲ್ಲ. ನನ್ನಂಥವರು ನುಗ್ಗದ ಹಾಗೆ ಅವನ ಕೋಣೆಗೆ ಬೀಗ ಹಾಕಿಸಿದ್ದಾರೆ ಎಂದು ನೆಂಟರ ಬಾಯಲ್ಲಿ ಕೇಳಿದೆ.

ಅವತ್ತು ಮನೆಗೆ ಬಂದಾಗ ದೊಡ್ಡ ಹಡಗು ಬೇರೆ ಸೀಮೆಯಲ್ಲಿ, ಇವಳ ಗೆಳತಿಯರ ಹಡಗುಗಳ ನಡುವೆ ನಿಂತಿತ್ತು. ಮೊಮ್ಮಗಳು ಥ್ಯಾಂಕ್ಸ್ ಹೇಳಲಿಲ್ಲ, ಹೇಳಿದ್ದರೆ ಬೈಯುತ್ತಿದ್ದೆ. ಎದ್ದು ಹೋಗಿ ಸಾರಿಗೆ ಕಾಯಿ ತುರಿದಳು.

"ಈಗಾದ್ರೂ ಆ ಪಟ್ಟಿಯಿಂದ ಅವ್ನ ಹೆಸರು ತೆಗಿಯೇ," ಅಂದೆ.

"ಇರ್ಲಿ ಬಿಡಜ್ಜಿ," ಅಂದಳು. "ಆಗಾಗ ಅಟ್ಟ ಹತ್ತಿ ನೋಡ್ಕೊಂಡು ಹೋಗ್ಲಿ."

ಸಾರಿಗೆ ಉಪ್ಪು ಹೆಚ್ಚಾಗಿತ್ತು. ಎರಡು ಸಲ ಹಾಕಿಸಿಕೊಂಡೆ.