ಬೆಳ್ಳಿಯ ಹೊಲಿಗೆ

ಡಾಕ್ಟರ್ ಬಹ್ರಮಂದರನ್ನು ನಾನು ಮೊದಲು ಕಂಡ ದಿನ ನನ್ನ ಗಂಡ ಶೇರ್‌ದಿಲ್ ಹಗ್ಗದ ಮಂಚದ ಮೇಲೆ ಹೊಟ್ಟೆ ಒತ್ತಿ ಹಿಡಿದುಕೊಂಡು ಮಲಗಿದ್ದರು. ಕಾಲುವೆ ನೀರಿನ ಜಗಳದಲ್ಲಿ ಅವರ ಚಿಕ್ಕಪ್ಪನ ಮಗ ಲಾಲ್‌ಬಾಜ್ ಗುಂಡು ಹೊಡೆದಿದ್ದ. ಮಂಚವನ್ನು ಹೊತ್ತು ಕುರ್ರಮ್ ಹೊಳೆ ದಾಟಿಸಿ ಬಿಳಿಯರ ಕೋಟೆಯ ಆಸ್ಪತ್ರೆಗೆ ತಂದಿದ್ದೆವು. ಮಗ ಸದ್ಬರ್ ನನ್ನ ಸೊಂಟದ ಮೇಲಿದ್ದ. ಈಗ ಅವನ ಗಡ್ಡ ನರೆತಿದೆ.

ಡಾಕ್ಟರು ಬಿಳಿಯರಲ್ಲ. ಉಪ್ಪಿನ ಗುಡ್ಡದ ಕಡೆಯ ಖಟಕ್ ಕುಲದವರು, ನಮ್ಮ ಮಾತನ್ನೇ ಆಡುವವರು. ಬಗ್ಗಿ ಗಾಯದ ಹತ್ತಿರ ಮೂಗು ಒಯ್ದು ಮೂಸಿದರು. ನೆಟ್ಟಗೆ ನಿಂತು ನನ್ನ ಕಡೆ ತಿರುಗಿದರು.

"ಸುಳ್ಳು ಹೇಳಲ್ಲ ತಂಗೀ. ಕರುಳು ಹರಿದಿದೆ. ಇದನ್ನ ಹೊಲಿಯೋಕೆ ನನ್ನ ಕೈಲಿ ಆಗಲ್ಲ. ನೋವು ಮಾತ್ರ ಕಮ್ಮಿ ಮಾಡ್ತೀನಿ."

ಅಫೀಮು ಕೊಟ್ಟರು. ಹೊತ್ತು ಮುಳುಗುವ ಮೊದಲೇ ಎಲ್ಲ ಮುಗಿಯಿತು. ನನ್ನ ಮಾವ ಮಂಚದ ಹಗ್ಗದಿಂದ ತೊಟ್ಟಿಕ್ಕುತ್ತಿದ್ದ ರಕ್ತದಲ್ಲಿ ಬೆರಳದ್ದಿ ಮಗುವಿನ ಹಣೆಗೆ ಒರೆಸಿದರು. "ಇವನು ದೊಡ್ಡೋನಾಗ್ಲಿ" ಎಂದರು.

ಆಮೇಲೆ ಆ ಆಸ್ಪತ್ರೆಯ ರಕ್ತದ ಬಟ್ಟೆಗಳನ್ನು ಹೊಳೆಯಲ್ಲಿ ಒಗೆಯುವುದೇ ನನ್ನ ಕೆಲಸವಾಯಿತು. ಬಾಗಿಲ ಪಕ್ಕದ ಗೋಡೆಯಲ್ಲಿ ಗೂಟಗಳಿದ್ದವು. ಯಾರೇ ಬರಲಿ, ಬಂದೂಕನ್ನು ಗೂಟಕ್ಕೆ ಹಾಕಿಯೇ ಒಳಗೆ ಕಾಲಿಡಬೇಕು. ಗಾಯಾಳುವಿಗೆ ಡಾಕ್ಟರು ಮೊದಲು ತಮ್ಮ ಒಲೆಯ ರೊಟ್ಟಿ ಮುರಿದು ಕೊಡುತ್ತಿದ್ದರು. ರೊಟ್ಟಿ ತಿಂದವನು ಅತಿಥಿ. ಹೊಲಿಗೆ ಬಿಚ್ಚುವವರೆಗೆ ಅವನನ್ನು ಮುಟ್ಟಿದವನು ಡಾಕ್ಟರನ್ನೇ ಮುಟ್ಟಿದ ಹಾಗೆ. ಒಬ್ಬರನ್ನೊಬ್ಬರು ಕೊಲ್ಲಲು ಕಾದಿದ್ದವರು ಅಕ್ಕಪಕ್ಕದ ಮಂಚಗಳಲ್ಲಿ ಮಲಗಿ ಬೈದಾಡುತ್ತಿದ್ದರು.

"ನಿನ್ನ ಗುರಿಗೆ ಬೆಂಕಿ ಬೀಳ! ಎದೆಗೆ ಅಂತ ಹೋಗಿ ಕುಂಡೆಗೆ ಹೊಡ್ದಿದೀಯಲ್ಲೋ!"

"ನೀನು ಓಡ್ತಾ ಇದ್ದೆ. ನನಗೆ ಕಂಡಿದ್ದೇ ಅದು."

ಒಮ್ಮೆ ಕಣಿವೆಯಲ್ಲಿ ಗುಡ್ಡದವರೊಡನೆ ಕಾಳಗವಾಗಿ ಕೋಟೆಯ ಸಿಪಾಯಿಗಳು ಬಂಡೆಗಳ ನಡುವೆ ಬಿದ್ದು ಕೂಗುತ್ತಿದ್ದಾಗ ಡಾಕ್ಟರು ಗುಂಡಿನ ಮಳೆಯಲ್ಲಿ ಮತ್ತೆ ಮತ್ತೆ ಹೋಗಿ ಅವರನ್ನು ಎಳೆದು ತಂದರು. ಒಬ್ಬನ ಕಾಲು ತೊಗಲಲ್ಲಿ ಮಾತ್ರ ನೇತಾಡುತ್ತಿತ್ತು. ಅವನ ಬಾಯಿಗೆ ಚರ್ಮದ ಪಟ್ಟಿ ತುರುಕಿ ಭುಜಗಳನ್ನು ನಾನು ಅದುಮಿ ಹಿಡಿದೆ. ಅವರು ಗರಗಸ ಎಳೆದರು. ಆ ಸದ್ದು ನನ್ನ ಹಲ್ಲಿನಲ್ಲಿ ಇನ್ನೂ ಇದೆ. ಇದಕ್ಕೆ ಸರ್ಕಾರ ಅವರ ಎದೆಗೆ ಬೆಳ್ಳಿಯ ಪದಕ ಚುಚ್ಚಿತು.

ಸದ್ಬರನಿಗೆ ಮೀಸೆ ಬಂದ ವರ್ಷ ಲಾಲ್‌ಬಾಜನನ್ನು ಮಂಚದ ಮೇಲೆ ಹೊತ್ತು ತಂದರು. ದರೋಡೆಕೋರರ ಕತ್ತಿ ಅವನ ಭುಜವನ್ನು ಎಲುಬು ಕಾಣುವಂತೆ ಸೀಳಿತ್ತು. ಡಾಕ್ಟರು ನನ್ನ ಮುಖ ನೋಡಿದರು, ಆಮೇಲೆ ರೊಟ್ಟಿ ಮುರಿದರು. ನನ್ನ ಗಂಡನನ್ನು ಕೊಂದವನ ಗಾಯದ ಬಟ್ಟೆಯನ್ನು ನಾನೇ ಒಗೆದೆ. ಕಲ್ಲಿಗೆ ಎಷ್ಟು ಜೋರಾಗಿ ಬಡಿದೆನೆಂದರೆ ಬಟ್ಟೆ ಹರಿಯಿತು.

ಹೊಲಿಗೆ ಬಿಚ್ಚುವ ದಿನ ಸದ್ಬರ್ ಸೇಡು ತೀರಿಸುತ್ತಾನೆಂದು ಊರೇ ಕಾದಿತ್ತು. ಬುಗ್ಗೆಯ ಹತ್ತಿರ ಹುಡುಗಿಯರು ಸದ್ಬರನನ್ನು ನೋಡಿ, "ಅಮ್ಮನ ಮುಸುಕು ಹಾಕ್ಕೊಳ್ಳೋ, ನಿನಗೆ ಒಪ್ಪುತ್ತೆ" ಎಂದು ನಗುತ್ತಿದ್ದರು. ಲಾಲ್‌ಬಾಜ್ ಸತ್ತರೆ ನನ್ನ ಎದೆ ತಣ್ಣಗಾಗುತ್ತಿತ್ತು, ಸುಳ್ಳೇಕೆ. ಆದರೆ ಅವನಿಗೆ ಮೂವರು ಗಂಡುಮಕ್ಕಳು. ಸದ್ಬರ್ ಅವನನ್ನು ಕೊಂದರೆ ಮುಂದಿನ ಮಂಚದ ಮೇಲೆ ಬರುವವನು ಸದ್ಬರನೇ. ಇರುವವನು ಅವನೊಬ್ಬ.

ಡಾಕ್ಟರು ಹಿರಿಯರನ್ನೆಲ್ಲ ಕರೆದು ಕೂರಿಸಿದರು. ರೇಷ್ಮೆ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದರು. ಕೊನೆಯದು ಉಳಿದಾಗ ಜೇಬಿನಿಂದ ತೆಳ್ಳಗಿನ ತಂತಿ ತೆಗೆದರು. ಪದಕದ ಕೊಂಡಿಯನ್ನು ಕರಗಿಸಿ ಅಕ್ಕಸಾಲಿಗನಿಂದ ಎಳೆಸಿದ್ದ ತಂತಿ. ಅದನ್ನು ಸೂಜಿಗೆ ಪೋಣಿಸಿ ಲಾಲ್‌ಬಾಜನ ಭುಜದ ತೊಗಲಿಗೆ ಚುಚ್ಚಿದರು.

"ಅಯ್ಯೋ! ವಾಸಿಯಾಗಿದೆಯಲ್ರೀ, ಇದ್ಯಾಕೆ?"

"ಸುಮ್ನಿರು. ಇದು ಬೆಳ್ಳಿ, ಕೊಳೆಯಲ್ಲ. ಇದನ್ನ ಬಿಚ್ಚೋದು ಯಾವಾಗ ಅಂತ ನಾನು ಹೇಳ್ತೀನಿ. ಹೇಳೋ ಯೋಚನೆ ಇಲ್ಲ."

ಹಿರಿಯರಲ್ಲಿ ಒಬ್ಬರು ಗಡ್ಡ ಹಿಡಿದು ನಕ್ಕರು. ಉಳಿದವರೂ ನಕ್ಕರು. ಸದ್ಬರ್ ನಗಲಿಲ್ಲ. ಹೊಸಿಲಾಚೆ ಉಗಿದು ಹೋದ.

ಹೀಗೆ ಕೆಲವು ವರ್ಷ ಲಾಲ್‌ಬಾಜ್ ಬದುಕಿದ. ಅಂಗಿಯ ಕೊರಳು ಸರಿಸಿ ತಂತಿ ತೋರಿಸುತ್ತಾ ಸಂತೆಯಲ್ಲಿ ತಿರುಗುತ್ತಿದ್ದ. ಸದ್ಬರ್ ಹಲ್ಲು ಕಡಿಯುತ್ತಿದ್ದ.

ಒಂದು ಬೇಸಗೆ, ನೀರು ತರಲು ಹೋದ ಸಿಪಾಯಿಗಳ ಮೇಲೆ ಗುಡ್ಡದವರು ಬಿದ್ದರು. ಹೊಳೆಯಲ್ಲಿ ಹೇಸರಗತ್ತೆಗಳು ಒದ್ದಾಡುತ್ತಿದ್ದವು, ನೀರು ಕೆಂಪಾಗಿತ್ತು. ಒಬ್ಬ ಸಿಪಾಯಿಯನ್ನು ಎಳೆಯಲು ಓಡಿದ ಡಾಕ್ಟರು ಗುಂಡು ತಗುಲಿ ದಂಡೆಯಲ್ಲೇ ಕುಸಿದರು. ಸಂತೆಗೆಂದು ಬಂದಿದ್ದ ಲಾಲ್‌ಬಾಜ್ ಗುಂಡುಗಳ ನಡುವೆ ನುಗ್ಗಿದ. ರೊಟ್ಟಿ ಕೊಟ್ಟವನು ಬಿದ್ದಿರುವಾಗ ಅತಿಥಿ ಸುಮ್ಮನೆ ನಿಲ್ಲುವಂತಿಲ್ಲ. ಬೆನ್ನ ಮೇಲೆ ಹೊತ್ತು ಆಸ್ಪತ್ರೆಯ ಅಂಗಳದ ಹಿಪ್ಪುನೇರಳೆ ಮರದ ಕೆಳಗೆ ಮಲಗಿಸಿದ. ಡಾಕ್ಟರ ರಕ್ತದಿಂದ ಅವನ ಅಂಗಿ ಬೆನ್ನಿಗೆ ಅಂಟಿತ್ತು.

ಡಾಕ್ಟರು ತಮ್ಮ ಹೊಟ್ಟೆಗೆ ಬೆರಳಿಟ್ಟು ಮೂಗಿಗೆ ಒಯ್ದು ಮೂಸಿದರು. ನನ್ನನ್ನು ನೋಡಿದರು. ಹೇಳುವ ಅಗತ್ಯವಿರಲಿಲ್ಲ.

ಅವರ ಉಸಿರು ನಿಲ್ಲುವ ಗಳಿಗೆಯಿಂದ ಲಾಲ್‌ಬಾಜ್ ಯಾರ ಅತಿಥಿಯೂ ಅಲ್ಲ. ಅಂಗಳದಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಗಲಾಟೆ ಕೇಳಿ ಬಂದಿದ್ದ ಸದ್ಬರ್ ಗೂಟದಿಂದ ಬಂದೂಕು ತೆಗೆದುಕೊಂಡು ಹೊಸಿಲಾಚೆ ಹೋಗಿ ನಿಂತ. ಮದ್ದು ತುಂಬಿದ ಸದ್ದು ಕೇಳಿಸಿತು.

"ಹಿಂದಿನ ಬಾಗಿಲಿದೆ, ಹೋಗೋ ಮಾರಾಯ" ಎಂದರು ಡಾಕ್ಟರು.

"ನಿಮ್ಮನ್ನ ಹೀಗೆ ಬಿಟ್ಟು ಓಡ್ಲಾ? ಬರ್ಲಿ ಬಿಡ್ರಿ ಅವನು."

"ಅಮ್ಮಾ, ಈಚೆ ಬಾ" ಎಂದು ಸದ್ಬರ್ ಕೂಗಿದ.

ನಾನು ಹೋಗಲಿಲ್ಲ, ಡಾಕ್ಟರ ತುಟಿ ಒರೆಸುತ್ತಿದ್ದೆ. ಅವರು ನನ್ನ ಮುಸುಕಿನ ಅಂಚನ್ನು ಹಿಡಿದರು. ಇನ್ನೊಂದು ಕೈಯಿಂದ ಲಾಲ್‌ಬಾಜನ ಮಣಿಕಟ್ಟು ಹುಡುಕಿ, ಆ ಅಂಚನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ನಮ್ಮಲ್ಲಿ ಹೆಣ್ಣಿನ ಮುಸುಕು ಹಿಡಿದವನು ಅವಳ ಮರೆಹೊಕ್ಕ ಹಾಗೆ. ಮುಸುಕಿಗೆ ರಕ್ತ ಹತ್ತಿತು. ನಾನು ಎಳೆದುಕೊಳ್ಳಲಿಲ್ಲ.

"ತಂಗೀ," ಎಂದರು, "ಇವತ್ತು ಇವನಿಗೆ ನಿನ್ನ ಒಲೆ ರೊಟ್ಟಿ ಕೊಡ್ತೀಯಾ?"