ಅಪ್‌ಡೇಟಿಗಿಂತ ಒಂದು ಹೆಜ್ಜೆ ಮುಂದೆ ಲಿಫ್ಟಣ್ಣ

ಬೆಳಗಿನ ಐದೂಕಾಲು. ಆರು ಮಹಡಿಯ ಆಸ್ಪತ್ರೆಯ ಹಿಂಬಾಗಿಲಿನಿಂದ ಒಳಗೆ ಬಂದರೆ ಮೊದಲು ಸಿಗುವುದು ಲಿಫ್ಟಿನ ಮುಂದಿನ ಜಾಗ. ಅಲ್ಲೊಂದು ಕಬ್ಬಿಣದ ಸ್ಟೂಲು. ಅದರ ಮೇಲೆ ಐವತ್ತರ ಆಸುಪಾಸಿನ ಒಬ್ಬರು ಕೂತಿದ್ದಾರೆ, ತೊಡೆಯ ಮೇಲೆ ಎರಡು ಫೋನು. ಒಂದಕ್ಕೆ ಸುತ್ತಲೂ ಟೇಪು ಅಂಟಿಸಿದೆ. ಇನ್ನೊಂದರ ಪರದೆಯಲ್ಲಿ ನೀಲಿ ಗೆರೆಯೊಂದು ಆಮೆಯ ಹಾಗೆ ತೆವಳುತ್ತಿದೆ.

"ಎಪ್ಪತ್ತೊಂದು ಪರ್ಸೆಂಟ್" ಎನ್ನುತ್ತಾರೆ, ನಾನು ಕೇಳದಿದ್ದರೂ. "ಈ ಹೊತ್ತಲ್ಲಿ ವೈಫೈ ಖಾಲಿ ರಸ್ತೆ ಇದ್ದ ಹಾಗೆ ಮೇಡಂ. ಆರು ಗಂಟೆ ಆಗಿ ಡ್ಯೂಟಿಯವರೆಲ್ಲ ಬಂದ್ರೆ ಮುಗೀತು ಕಥೆ."

ಇವರನ್ನು ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ಲಿಫ್ಟಣ್ಣ ಎಂದು. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೂ ಹೆಂಡತಿಗೂ ಮಾತ್ರ ಗೊತ್ತಿದ್ದೀತು. ಈಗ ಲಿಫ್ಟನ್ನು ಅವರು ನಡೆಸುವುದಿಲ್ಲ. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ದಿನಕ್ಕೊಂದರಂತೆ ಬಂದು ಬೀಳುವ ಹೊಸ ಬದಲಾವಣೆಗಳನ್ನು ಎಲ್ಲರಿಗಿಂತ ಮೊದಲು ತಾವು ನೋಡಿ, ಉಳಿದವರಿಗೆ ದಾರಿ ತೋರಿಸುವುದು ಅವರ ಕೆಲಸ. ಈ ಕೆಲಸಕ್ಕೆ ಹುದ್ದೆಯಿಲ್ಲ, ಆದೇಶವಿಲ್ಲ. ಇರುವುದು ಸ್ಟೂಲು ಮಾತ್ರ.

ಅವರ ಬಗ್ಗೆ ಬರೆಯಲೆಂದು ಬಂದ ನನ್ನ ಮಾತನ್ನೂ ಹೇಳಿಬಿಡುತ್ತೇನೆ. ನನ್ನ ಫೋನು ಏಳು ತಿಂಗಳಿಂದ ಅಪ್‌ಡೇಟ್ ಮಾಡು ಎಂದು ಗೋಗರೆಯುತ್ತಿದೆ. ನಾನು ಪ್ರತಿದಿನ "ನಾಳೆ ನೆನಪಿಸು" ಎಂದು ಒತ್ತಿ ತಪ್ಪಿಸಿಕೊಳ್ಳುತ್ತಿದ್ದೇನೆ. ಅಂಥ ನನಗೆ, ಅಪ್‌ಡೇಟ್ ಬರಲಿ ಎಂದು ಬೆಳಗಾಗುವ ಮುಂಚೆ ಎದ್ದು ಕಾಯುವ ಮನುಷ್ಯ ಹೇಗಿರುತ್ತಾನೆ ಎಂಬ ಕುತೂಹಲ.

ಇಪ್ಪತ್ತೆರಡು ವರ್ಷ ಅವರು ಇಲ್ಲಿದ್ದ ಹಳೆಯ ಲಿಫ್ಟಿನೊಳಗೆ ಇದೇ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಿದವರು. ಆರು ವರ್ಷದ ಹಿಂದೆ ತಾನೇ ಬಾಗಿಲು ತೆರೆದುಕೊಂಡು ತಾನೇ ಮಹಡಿ ಹೇಳುವ ಹೊಸ ಲಿಫ್ಟು ಬಂತು. ಸ್ಟೂಲನ್ನು ಹೊರಗಿಟ್ಟರು, ಜೊತೆಗೆ ಅವರನ್ನೂ. ಕೆಲಸದಿಂದ ತೆಗೆಯಲಿಲ್ಲ, ಬೇರೆ ಕೆಲಸವನ್ನೂ ಕೊಡಲಿಲ್ಲ. ನಾಲ್ಕು ತಿಂಗಳು ದಿನವೂ ಬಂದು ಲಿಫ್ಟಿನ ಪಕ್ಕ ಸುಮ್ಮನೆ ಕೂತರಂತೆ.

"ಮನೇಲಿ ಹೇಳಿರ್ಲಿಲ್ಲ. ಸಂಜೆ ಹೋದ್ರೆ ಹೆಂಡ್ತಿ, ಸುಸ್ತಾಯ್ತಾ ಅಂತ ಕೇಳೋಳು. ಹೂಂ ಅನ್ನೋದು. ಕೂತು ಕೂತು ಸುಸ್ತಾಗೋದೂ ನಿಜಾನೇ."

ಆ ದಿನಗಳಲ್ಲೇ ಒಬ್ಬ ನರ್ಸು ಅವಸರದಲ್ಲಿ ಓಡಿಬಂದು, ರಾತ್ರಿ ಬೆಳಗಾಗುವುದರೊಳಗೆ ಎಲ್ಲ ತಲೆಕೆಳಗಾದ ತನ್ನ ಫೋನನ್ನು ಇವರ ಕೈಗೆ ತುರುಕಿ, "ಸ್ವಲ್ಪ ನೋಡಣ್ಣ, ಡ್ಯೂಟಿ ಪಟ್ಟಿ ಎಲ್ಲಿ ಹೋಯ್ತೋ ಗೊತ್ತಾಗ್ತಿಲ್ಲ" ಎಂದಳಂತೆ. ಇವರಿಗೂ ಗೊತ್ತಿರಲಿಲ್ಲ. ಆದರೆ ಸಮಯ ಬೇಕಾದಷ್ಟಿತ್ತು. ಮುಕ್ಕಾಲು ಗಂಟೆ ಹುಡುಕಿ, ಸಿಕ್ಕ ಜಾಗವನ್ನು ಕಾಗದದ ಮೇಲೆ ಬರೆದು ಕೊಟ್ಟರು. ಮಾರನೆಯ ದಿನ ಅದೇ ಕಾಗದ ಕೇಳಿಕೊಂಡು ಒಂಬತ್ತು ಜನ ಬಂದರು.

ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗ ಇಲ್ಲವೆಂದಲ್ಲ, ಮೂವರಿದ್ದಾರೆ. ಹೊಸದೇನು ಬಂದರೂ ಎಲ್ಲರಿಗೂ ಇಮೇಲಿನಲ್ಲಿ ಸುತ್ತೋಲೆ ಕಳಿಸುತ್ತಾರೆ. ನೆಲ ಒರೆಸುವವರು, ಆಯಾಗಳು, ಸ್ಟ್ರೆಚರ್ ತಳ್ಳುವವರು, ಬಟ್ಟೆ ಒಗೆಯುವವರು ಸೇರಿ ಅರವತ್ತನಾಲ್ಕು ಮಂದಿಗೆ ಇಮೇಲೇ ಇಲ್ಲ ಎಂಬುದು ಮಾತ್ರ ಆ ಮೂವರಿಗೆ ಇನ್ನೂ ಹೊಳೆದಿಲ್ಲ. ಈ ಅರವತ್ತನಾಲ್ಕು ಫೋನುಗಳು ಲಿಫ್ಟಣ್ಣನ ಸಂಸಾರ. ಜೊತೆಗೆ ಆರು ವಾರ್ಡುಗಳ ಕಂಪ್ಯೂಟರುಗಳೂ ಸೇರಿಕೊಂಡಿವೆ. ದಿನಕ್ಕೆ ನಲವತ್ತು ಜನವಾದರೂ ಸ್ಟೂಲಿನ ಮುಂದೆ ನಿಂತು ಹೋಗುತ್ತಾರೆ.

ಅವರ ಬಳಿ ಒಂದು ನೋಟ್‌ಪುಸ್ತಕವಿದೆ. ಒಂದೊಂದು ಪುಟದಲ್ಲೂ ಪೆನ್ಸಿಲಿನಲ್ಲಿ ಬಿಡಿಸಿದ ಫೋನಿನ ಪರದೆ, ಮೇಲೆ ತಾರೀಖು, ಕೆಳಗೆ ಪುಟ್ಟದಾಗಿ "ನಾನೇ ನೋಡಿದ್ದು" ಎಂಬ ಎರಡು ಪದ. ಎಲ್ಲ ಪುಟದಲ್ಲೂ ಅದೇ. ಯಾಕೆ ಎಂದು ಕೇಳುತ್ತೇನೆ.

"ಅವರು ಹೇಳಿದ್ರು, ಇವರು ಹೇಳಿದ್ರು ಅಂತ ನಾನು ಬರೆಯೋದಿಲ್ಲ. ಮೊದ್ಲು ನನ್ ಫೋನಿಗೆ ಹಾಕ್ಕೋತೀನಿ, ಮೂರು ದಿನ ಅದರ ಜೊತೆ ಏಗ್ತೀನಿ. ಆಮೇಲೆ ಬರೀತೀನಿ. ಪೆನ್ಸಿಲ್ಲೇ ಬೇಕು, ಯಾಕಂದ್ರೆ ಮುಂದಿನ ವಾರ ಅಳಿಸಬೇಕಲ್ಲ? ನನಗೆ ಪೆನ್ಸಿಲ್‌ಗಿಂತ ರಬ್ಬರೇ ಜಾಸ್ತಿ ಬೇಕು."

ಟೇಪು ಸುತ್ತಿದ ಹಳೆಯ ಫೋನಿಗೆ ಅವರು ಎಂದೂ ಅಪ್‌ಡೇಟ್ ಮಾಡುವುದಿಲ್ಲ. ಬದಲಾಗುವ ಮೊದಲು ಹೇಗಿತ್ತು ಎಂದು ಯಾರಾದರೂ ಕೇಳಿದರೆ ತೋರಿಸಬೇಕಲ್ಲ, ಅದಕ್ಕೆ.

ಹೊಸ ಸಾಧನಗಳನ್ನು ಕಂಡರೆ ಅವರಿಗೆ ಭಯವೂ ಇಲ್ಲ, ಮರುಳೂ ಇಲ್ಲ. ಮೇಲ್ವಿಚಾರಕಿಯೊಬ್ಬರು ಕೆಲಸ ನೆನಪಿಸುವ ಆ್ಯಪ್ ಒಂದನ್ನು ಹಾಕಿಸಿಕೊಂಡರು. ಅದು ದಿನಕ್ಕೆ ನಲವತ್ತೆರಡು ಸಲ ಟಣ್ ಎನ್ನತೊಡಗಿ, ನೆನಪಿಸಿದ್ದನ್ನು ನೋಡುವುದೇ ಒಂದು ಕೆಲಸವಾಯಿತು. ಲಿಫ್ಟಣ್ಣ ಮೂರು ದಿನ ಅದನ್ನು ಬಳಸಿ ನೋಡಿ, ಮೂರನ್ನು ಉಳಿಸಿ ಮಿಕ್ಕದ್ದರ ಬಾಯಿ ಮುಚ್ಚಿಸಿದರು. "ಹೊಸದು ಏನೇ ಬಂದ್ರೂ ನಾನು ಕೇಳೋದು ಒಂದೇ. ಇದರಿಂದ ಯಾರ ಕೆಲಸ ಕಮ್ಮಿಯಾಗುತ್ತೆ? ಯಾರದ್ದೂ ಆಗಲ್ಲ ಅಂದ್ರೆ ಅದು ಅಲ್ಲೇ ಇರಲಿ ಬಿಡಿ."

ಇಷ್ಟೆಲ್ಲ ಎಚ್ಚರ ಹುಟ್ಟಿನಿಂದ ಬಂದದ್ದಲ್ಲ, ಒಂದು ಪೆಟ್ಟು ತಿಂದ ಮೇಲೆ ಬಂದದ್ದು. ಅದನ್ನು ಹೇಳುವಾಗ ಈಗಲೂ ಅವರು ಕಿವಿ ತುರಿಸಿಕೊಳ್ಳುತ್ತಾರೆ.

ಎರಡು ವರ್ಷದ ಹಿಂದಿನ ಮಾತು. ಹಾಜರಿ ಹಾಕಲು ಆಸ್ಪತ್ರೆಯವರದೇ ಒಂದು ಆ್ಯಪ್ ಇದೆ. ಓದು ಬರಹ ಬಾರದವರಿಗೆ ಲಿಫ್ಟಣ್ಣ ಒಂದು ಉಪಾಯ ಕಲಿಸಿದ್ದರು: ಏನು ಬರೆದಿದೆ ಎಂದು ನೋಡಬೇಡಿ, ಕೆಳಗಿನ ಸಾಲಿನ ಎಡಮೂಲೆ ಒತ್ತಿಬಿಡಿ, ಅದೇ ಹಾಜರಿ. ಲಿಫ್ಟಿನ ಗುಂಡಿಯ ಜಾಗ ಬೆರಳಿಗೆ ರೂಢಿಯಾದ ಮನುಷ್ಯ ಬೇರೆ ಹೇಗೆ ಕಲಿಸಿಯಾರು? ಒಂದು ಬೆಳಿಗ್ಗೆ ಅಪ್‌ಡೇಟ್ ಬಂದು ಆ ಮೂಲೆಗೆ ರಜೆ ಕೋರಿಕೆಯ ಗುಂಡಿ ಬಂದು ಕೂತಿತು. ಹತ್ತೊಂಬತ್ತು ಮಂದಿ ಕಣ್ಣು ಮುಚ್ಚಿ ಒತ್ತಿದರು. ನೆಲ ಒರೆಸುತ್ತಲೇ, ಸ್ಟ್ರೆಚರ್ ತಳ್ಳುತ್ತಲೇ ಹತ್ತೊಂಬತ್ತು ಮಂದಿಯೂ ಕಂಪ್ಯೂಟರಿನ ಲೆಕ್ಕದಲ್ಲಿ ರಜೆಯ ಮೇಲಿದ್ದರು. ಬದಲಿ ಜನ ಬೇರೆ ಬಂದು, ಒಂದು ಬಕೆಟ್ಟಿಗೆ ಇಬ್ಬರಂತೆ ನಿಂತರು.

ಆಸ್ಪತ್ರೆಯೆಲ್ಲ ನಕ್ಕಿತು. ನಗದಿದ್ದವರು ಒಬ್ಬರೇ. ಮೂರನೇ ಮಹಡಿಯ ಆಯಾ, ಎಲ್ಲರಿಗೂ ದೊಡ್ಡಕ್ಕ.

"ಇಪ್ಪತ್ತಾರು ವರ್ಷ ಒಂದು ದಿನಾನೂ ಹೇಳದೆ ರಜೆ ಹಾಕಿದವಳಲ್ಲ ನಾನು" ಎನ್ನುತ್ತಾರೆ ದೊಡ್ಡಕ್ಕ, ಶನಿವಾರ ಬೆಳಿಗ್ಗೆ ಹಾಸಿಗೆಯ ಹೊದಿಕೆ ಮಡಚುತ್ತಾ. "ಎದುರಿಗೇ ನಿಂತಿದೀನಿ, ಮೇಲ್ವಿಚಾರಕಿ ಪರದೆ ನೋಡ್ಕೊಂಡು, ನೀವು ಬಂದಿಲ್ಲ ಅಂತಾರೆ! ನಾನು ಬಂದಿದೀನೋ ಇಲ್ವೋ ಅಂತ ನನಗೇ ಅನುಮಾನ ಬರಬೇಕಾ?"

ಒಂಬತ್ತು ದಿನದ ಮೇಲೆ ತಪ್ಪು ಸರಿಯಾಯಿತು, ಹಾಜರಿ ಗುಂಡಿಯೂ ಹಳೆಯ ಮೂಲೆಗೆ ಮರಳಿತು. ಆದರೆ ಅಂದಿನಿಂದ ದೊಡ್ಡಕ್ಕ ಆ ಆ್ಯಪನ್ನು ಮುಟ್ಟಿಲ್ಲ. ಬೆಳಿಗ್ಗೆ ಬಂದವರೇ ಫೋನನ್ನು ಲಿಫ್ಟಣ್ಣನ ಮುಂದೆ ಚಾಚುತ್ತಾರೆ, ಅವರು ಒತ್ತಿಕೊಡುತ್ತಾರೆ. ಎರಡು ವರ್ಷದಿಂದ ಹೀಗೇ ನಡೆದಿದೆ.

ಈ ಸೋಮವಾರದಿಂದ ನಡೆಯುವುದಿಲ್ಲ. ಹೊಸ ಆವೃತ್ತಿಯಲ್ಲಿ ಹಾಜರಿ ಒತ್ತಿದರೆ ಫೋನು ಒತ್ತಿದವರ ಮುಖದ ಫೋಟೊ ಹಿಡಿಯುತ್ತದೆ, ಅದೂ ಅವರವರ ವಾರ್ಡಿನಲ್ಲೇ ಆಗಬೇಕು. ದೊಡ್ಡಕ್ಕನ ನಿವೃತ್ತಿಗೆ ಇನ್ನು ಎಂಟು ತಿಂಗಳು. "ಸೋಮವಾರ ಮತ್ತೆ ಆ ಯಂತ್ರ ನಾನು ಬಂದಿಲ್ಲ ಅಂದ್ರೆ ರಾಜೀನಾಮೆ ಬರೆಸಿ ಕೊಟ್ಟು ಹೋಗ್ತೀನಿ. ಎಂಟು ತಿಂಗಳು ಯಾವ ಮಹಾ" ಎಂದು ಸೆಟೆದು ನಿಂತಿದ್ದಾರೆ. ಹೇಳಿದರೆ ಹೇಳಿದಂತೆ ಮಾಡುವ ಹೆಂಗಸು ಎಂದು ವಾರ್ಡಿಗೆಲ್ಲ ಗೊತ್ತು.

ಲಿಫ್ಟಣ್ಣ ಇದಕ್ಕಾಗಿ ತಿಂಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ದಾರಿ ಸಿಕ್ಕಿದ್ದು ಫೋನಿನ ಸೆಟ್ಟಿಂಗಿನ ತಳದಲ್ಲಿ, ಕಣ್ಣು ಕಾಣದವರಿಗೆಂದು ಇಟ್ಟಿರುವ ಒಂದು ಸೌಲಭ್ಯದಲ್ಲಿ. ಅದನ್ನು ಹಾಕಿಟ್ಟರೆ, ಒಂದು ಸಲ ಮುಟ್ಟಿದ್ದರ ಹೆಸರನ್ನು ಫೋನು ಕನ್ನಡದಲ್ಲೇ ಗಟ್ಟಿಯಾಗಿ ಹೇಳುತ್ತದೆ. ಹೌದು ಅದೇ ಬೇಕು ಎಂದರೆ ಎರಡು ಸಲ ತಟ್ಟಬೇಕು.

"ನಾನೂ ಹಂಗೇ ತಾನೇ ಮಾಡ್ತಿದ್ದದ್ದು?" ಎಂದು ಕಣ್ಣರಳಿಸುತ್ತಾರೆ. "ಎಷ್ಟನೇ ಮಹಡಿ ಅಂತ ಮೊದ್ಲು ಕೂಗಿ ಹೇಳಿ, ಆಮೇಲೆ ಬಾಗಿಲು ತೆಗೀತಿದ್ದೆ. ಓದೋಕೆ ಬರಲ್ಲ ಅಂದ್ರೆ ಏನಂತೆ, ಕೇಳಿಸುತ್ತಲ್ಲ? ಎರಡು ವರ್ಷ ಇದು ನನಗೆ ಹೊಳೀಲೇ ಇಲ್ಲ ನೋಡಿ!"

ದೊಡ್ಡಕ್ಕನಿಗೆ ಮೊದಲ ದಿನ ಇದು ಹಿಡಿಸಲಿಲ್ಲ. ಏನು ಮುಟ್ಟಿದರೂ ಬಡಬಡಿಸುವ ಫೋನು ಕಂಡು ವಾರ್ಡಿನ ರೋಗಿಗಳು ನಕ್ಕರು. "ನನ್ನ ಗಂಡನೂ ಇಷ್ಟು ಮಾತಾಡಿದವನಲ್ಲ" ಎಂದು ಬೈದುಕೊಂಡರಂತೆ. ವಾರ ಕಳೆಯುವಷ್ಟರಲ್ಲಿ ಅದರ ಬಾಯಿಗೆ ಬಾಯಿ ಕೊಡಲು ಕಲಿತರು.

ಒಂದು ತೊಡಕು ಮಾತ್ರ ಉಳಿದಿದೆ. ಗುರುವಾರ ಕಂಪ್ಯೂಟರ್ ವಿಭಾಗಕ್ಕೆ ಹೋಗಿ ಲಿಫ್ಟಣ್ಣ ಇನ್ನೂ ಪೂರ್ತಿಯಾಗದ ಹೊಸ ಆವೃತ್ತಿಯನ್ನು ಅಲ್ಲಿಯವರ ಫೋನಿನಲ್ಲೇ ಮುಟ್ಟಿ ನೋಡಿದ್ದಾರೆ. ಯಾವ ಗುಂಡಿ ಎಲ್ಲಿ ಕೂರುತ್ತದೆ ಎಂಬುದು ಆಗಿನ್ನೂ ನಿಕ್ಕಿಯಾಗಿರಲಿಲ್ಲ. ಹಾಜರಿ ಮುಟ್ಟಿದರೂ "ಗುಂಡಿ" ಎಂದಿತು, ರಜೆ ಮುಟ್ಟಿದರೂ "ಗುಂಡಿ" ಎಂದಿತು. ಮಾಡಿದವರು ಗುಂಡಿಗಳಿಗೆ ಹೆಸರೇ ಇಟ್ಟಿಲ್ಲ! ಹೆಸರಿಡಿ ಎಂದು ಇವರು ಕೇಳಿಕೊಂಡರು. ಇದು ಯಾರಿಗೆ ಬೇಕು ಎಂದರು ಅವರು. ಮೂರನೇ ಮಹಡಿಯ ಒಬ್ಬರಿಗೆ ಬೇಕು ಎಂದರಂತೆ ಇವರು. "ನೋಡೋಣ" ಎಂಬುದು ಸಿಕ್ಕ ಉತ್ತರ. ಪೂರ್ತಿಯಾದ ಹೊಸದು ಸೋಮವಾರ ಬೆಳಿಗ್ಗೆ ಆರಕ್ಕೆ ಎಲ್ಲ ಫೋನಿಗೂ ಒಟ್ಟಿಗೇ ಬರುತ್ತದೆ, ಅದಕ್ಕೆ ಮುಂಚೆ ಯಾರಿಗೂ ಸಿಗುವುದಿಲ್ಲ.

"ನಾನು ಮುಂದೆ ಹೋಗಿ ನೋಡಿ ಬರೋಕೆ ಆಗ್ತಿಲ್ಲ, ಅದೇ ಸಂಕಟ" ಎನ್ನುತ್ತಾರೆ. ನಿಮ್ಮ ಆಸೆಯೇನು ಎಂದು ಕೇಳಿದರೆ ಬೇರೇನೂ ಹೇಳುವುದಿಲ್ಲ. "ಅಕ್ಕ ನನ್ನ ಮುಂದೆ ಫೋನ್ ಚಾಚದೆ ಮೇಲೆ ಹೋಗಬೇಕು. ನಾನು ಸುಮ್ನೆ ಚಹಾ ಕುಡೀತಿರಬೇಕು. ಅಷ್ಟೇ."

ಸೋಮವಾರ. ಐದೂಮುಕ್ಕಾಲಿಗೆ ಲಿಫ್ಟಣ್ಣನ ಕೈಯಲ್ಲಿ ಚಹಾ ಲೋಟವೇನೋ ಇದೆ, ಕುಡಿಯುತ್ತಿಲ್ಲ. ದೊಡ್ಡಕ್ಕ ಬರುತ್ತಾರೆ. ಫೋನು ಚಾಚುವುದಿಲ್ಲ, ಸೆರಗಿನೊಳಗೆ ಬಿಗಿಯಾಗಿ ಹಿಡಿದುಕೊಂಡಿದ್ದಾರೆ. ಅವರ ಹಿಂದೆ ನಾನೂ ಲಿಫ್ಟು ಹತ್ತುತ್ತೇನೆ. "ನಿಧಾನ ಅಕ್ಕ, ಎರಡು ಸಲ ತಟ್ಟೋಕೆ ಮುಂಚೆ ಕೇಳಿಸ್ಕೊಳಿ" ಎಂದು ಲಿಫ್ಟಣ್ಣ ಹೇಳುತ್ತಿರುವಾಗಲೇ ಬಾಗಿಲು ಮುಚ್ಚುತ್ತದೆ.

ಮೂರನೇ ಮಹಡಿ. ವಾರ್ಡಿನ ಬಾಗಿಲ ಪಕ್ಕ ಗೋಡೆಗಡಿಯಾರ ಆರು ದಾಟುತ್ತದೆ. ದೊಡ್ಡಕ್ಕ ಆ್ಯಪ್ ತೆರೆಯುತ್ತಾರೆ. ಬೆರಳು ರೂಢಿಯಂತೆ ಕೆಳಗಿನ ಎಡಮೂಲೆಗೇ ಹೋಗುತ್ತದೆ.

"ರಜೆ ಕೋರಿಕೆ" ಎನ್ನುತ್ತದೆ ಫೋನು, ಸ್ಪಷ್ಟವಾಗಿ.

ಕೆಂಡ ಮುಟ್ಟಿದವರಂತೆ ಬೆರಳು ಹಿಂದಕ್ಕೆ ಬರುತ್ತದೆ. "ಮತ್ತೆ ಬಂದ್ಯಾ ನೀನು? ನಿನ್ನ ಸಹವಾಸ ಬೇಡ" ಎಂದು ಅದನ್ನು ಗದರಿ, ಬೆರಳನ್ನು ಮೆಲ್ಲಗೆ ಬಲಕ್ಕೆ ಸರಿಸುತ್ತಾರೆ. "ಡ್ಯೂಟಿ ಪಟ್ಟಿ." ಇನ್ನೂ ಬಲಕ್ಕೆ. "ಹಾಜರಿ." ಒಂದು ಕ್ಷಣ ತಡೆದು ಎರಡು ಸಲ ತಟ್ಟುತ್ತಾರೆ. ಫೋನು ಅವರ ಗಾಬರಿಯ ಮುಖವನ್ನು ಹಿಡಿದುಕೊಂಡು, "ಹಾಜರಿ ದಾಖಲಾಗಿದೆ" ಎನ್ನುತ್ತದೆ.

ಅವರು ಅಳುತ್ತಾರೇನೋ ಎಂದುಕೊಂಡೆ. ಅಳಲಿಲ್ಲ. ದಡಬಡನೆ ಮೆಟ್ಟಿಲ ಬಳಿಗೆ ಹೋಗಿ, ಕಂಬಿ ಹಿಡಿದು ಬಗ್ಗಿ, ಆಸ್ಪತ್ರೆ ಎಂಬುದನ್ನೂ ಮರೆತು ಕೂಗುತ್ತಾರೆ: "ಲಿಫ್ಟಣ್ಣಾ! ರಜೆ ಗುಂಡಿ ಮತ್ತೆ ಎಡಮೂಲೆಗೇ ಬಂದಿದೆ! ಹಾಜರಿ ಬಲಗಡೆ ಕೊನೇದು! ಎಲ್ಲರಿಗೂ ಹೇಳು, ಯಾರನ್ನೂ ಮೂಲೆ ಒತ್ತೋಕೆ ಬಿಡಬೇಡ!"

ನಾನು ಕೆಳಗಿಳಿದು ಬರುವಷ್ಟರಲ್ಲಿ ಸ್ಟೂಲಿನ ಮುಂದೆ ಏಳೆಂಟು ಜನ ಫೋನು ಹಿಡಿದು ನಿಂತಿದ್ದಾರೆ. "ಬಲಗಡೆ ಕೊನೇದು" ಎಂದು ಒಬ್ಬೊಬ್ಬರಿಗೂ ಹೇಳಿ ಮೇಲೆ ಕಳಿಸುತ್ತಿದ್ದಾರೆ ಲಿಫ್ಟಣ್ಣ. ಚಹಾ ಆರಿಹೋಗಿದೆ. ಗುಂಪು ಕರಗಿದ ಮೇಲೆ ನೋಟ್‌ಪುಸ್ತಕ ತೆರೆದು, ಹಳೆಯ ಪರದೆಯನ್ನು ರಬ್ಬರಿನಿಂದ ಉಜ್ಜಿ ಹೊಸದನ್ನು ಬಿಡಿಸುತ್ತಾರೆ. ತಾರೀಖು ಹಾಕುತ್ತಾರೆ. ಅವರ ಫೋನು ಇನ್ನೂ ಜೇಬಿನಲ್ಲೇ ಇದೆ.

"ನೀವಿನ್ನೂ ನೋಡೇ ಇಲ್ಲವಲ್ಲ?" ಎಂದು ಕೆಣಕುತ್ತೇನೆ.

ಅವರು ನಗುತ್ತಾ ಪುಟವನ್ನು ನನ್ನ ಕಡೆ ತಿರುಗಿಸುತ್ತಾರೆ. ಕೆಳಗೆ, ಪ್ರತಿ ಪುಟದಲ್ಲೂ ಬರೆಯುವ ಜಾಗದಲ್ಲೇ, ಪುಟ್ಟ ಅಕ್ಷರದಲ್ಲಿ ಬರೆದಿದೆ: "ದೊಡ್ಡಕ್ಕ ನೋಡಿದ್ದು."